ತಂತಿಮಾವನ ಅಭಿಪ್ರಾಯ

ತಂತಿಮಾವನ ಲೇಖನ ಚರ್ಚಿನ ಮಾಸಪತ್ರಿಕೆಯ ಮೂರನೆಯ ಪುಟದಲ್ಲಿ ಅಚ್ಚಾಗಿ ಬಂದ ಭಾನುವಾರ, ಪ್ರಸಂಗ ಮುಗಿಯುವ ಮೊದಲೇ ಅರ್ಧ ಸಭೆ ಅದನ್ನು ಓದಿ ಮುಗಿಸಿತ್ತು. ಬೆಂಚುಗಳ ನಡುವೆ ಹಾಳೆ ತಿರುವುವ ಸದ್ದು ಅವನ ಕಿವಿಗೆ ಬೀಳುತ್ತಲೇ ಇತ್ತು. ಆ ಕಿವಿಯಿಂದಲೇ ಅವನ ಹೊಟ್ಟೆ ತುಂಬಿದ್ದು. ನಲವತ್ತು ವರ್ಷಗಳಿಂದ ಅವನು ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕೆಲಸ ಮಾಡಿಕೊಂಡು ಬಂದಿದ್ದ. ಚರ್ಚಿನ ಮಕ್ಕಳು ಇಟ್ಟ ‘ತಂತಿಮಾವ’ ಎಂಬ ಹೆಸರು ದೊಡ್ಡವರ ಬಾಯಿಗೂ ಹತ್ತಿ, ಈಚೆಗೆ ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಲೇಖನದ ತಲೆಬರಹ ‘ಹಾಡೋ, ಜಾಹೀರಾತೋ?’ ಎಂದಿತ್ತು. ಮೂರು ವರ್ಷಗಳಿಂದ ಚರ್ಚಿನಲ್ಲಿ ಹಾಡುತ್ತಿರುವ ಹೊಸ ಗೀತೆಗಳ ಬಗ್ಗೆ ಅವನು ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಅದರಲ್ಲಿ ಸುರಿದಿದ್ದ. ಹಾಡು ಬೇರೆಬೇರೆ, ಆದರೆ ಅವುಗಳ ಕೆಳಗೆ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛಗಳು ಅವೇ ನಾಲ್ಕು, ಒಂದೇ ಅಂಗಿಯನ್ನು ಮನೆಮಂದಿಯೆಲ್ಲ ಸರದಿಯಲ್ಲಿ ತೊಟ್ಟ ಹಾಗೆ. ‘ನಾನು’, ‘ನನ್ನ’ ಎಂಬ ಮಾತು ಒಂದು ಹಾಡಿನಲ್ಲಿ ಇಪ್ಪತ್ತಮೂರು ಸಲ ಬಂದರೆ ನೆರೆಯವನ ಸುದ್ದಿ ಒಂದು ಸಲವೂ ಇಲ್ಲ. ಈ ಹಾಡುಗಳಲ್ಲಿ ಯಾರೂ ಸಾಯುವುದಿಲ್ಲ, ಯಾರೂ ತಪ್ಪು ಮಾಡುವುದಿಲ್ಲ, ಯಾರಿಗೂ ದೇವರ ಮೇಲೆ ಒಂದು ಪ್ರಶ್ನೆಯೂ ಇಲ್ಲ. ಕರ್ತನ ಹೆಸರು ತೆಗೆದು ಅಲ್ಲಿ ಯಾವುದೋ ಸಾಬೂನಿನ ಹೆಸರು ಹಾಕಿದರೂ ಹಾಡಿಗೆ ಏನೂ ಆಗುವುದಿಲ್ಲ. ಇಷ್ಟು ಬರೆದು ಒಂದು ಉದಾಹರಣೆಯನ್ನೂ ಕೊಟ್ಟಿದ್ದ: ‘ಎತ್ತರಕೆ, ಇನ್ನೂ ಎತ್ತರಕೆ’ ಎಂಬ ಸಾಲನ್ನು ನಾವು ಹನ್ನೊಂದು ಸಲ ಹಾಡುತ್ತೇವೆ. ಹನ್ನೊಂದನೆಯ ಸಲಕ್ಕೂ ಯಾವ ಎತ್ತರಕ್ಕೆ ಎಂಬುದು ತಿಳಿಯುವುದಿಲ್ಲ.

ಹೆಂಡತಿ ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿ ನಿವೃತ್ತಳಾದವಳು. ಕರಡು ತಿದ್ದಿಕೊಟ್ಟವಳು ಅವಳೇ. ಸಾಬೂನಿನ ಮಾತು ಮತ್ತು ಆ ಉದಾಹರಣೆ, ಎರಡನ್ನೂ ಹೊಡೆದುಹಾಕಿ ಎಂದು ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ತಂತಿಮಾವ ರಬ್ಬರು ತೆಗೆದುಕೊಂಡು ಗೆರೆಗಳನ್ನೇ ಅಳಿಸಿ ಪತ್ರಿಕೆಗೆ ಕಳುಹಿಸಿದ್ದ.

ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಅವನ ಸುತ್ತ ಒಂದು ಸಣ್ಣ ಗುಂಪೇ ಕೂಡಿತು. ನಿವೃತ್ತ ಅಂಚೆ ಅಧಿಕಾರಿಯೊಬ್ಬರು ಬೆನ್ನು ತಟ್ಟಿ, ಯಾರಾದರೂ ಒಬ್ಬರು ಹೇಳಲೇಬೇಕಿತ್ತು ಎಂದರು. ಇಬ್ಬರು ಅಜ್ಜಿಯರು ಕೈ ಹಿಡಿದು ಕುಲುಕಿದರು. ತಂತಿಮಾವನಿಗೆ ಖುಷಿಯಾಯಿತು, ಇಲ್ಲ ಎನ್ನಲಾಗದು. ಆ ಖುಷಿಯಲ್ಲೇ ಅವನು ವೇದಿಕೆಯ ಕಡೆ ನೋಡಿದ. ಅಲ್ಲಿ ಜೀರುಂಡೆ ಒಬ್ಬಳೇ ಮೈಕಿನ ವೈರುಗಳನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು. ಅವಳ ಬೆನ್ನ ಹಿಂದೆ ಕೀಬೋರ್ಡಿನ ಮೇಲೆ ಮಾಸಪತ್ರಿಕೆ ತೆರೆದೇ ಬಿದ್ದಿತ್ತು.

ಜೀರುಂಡೆ ಅವನ ತೀರಿಹೋದ ತಂಗಿಯ ಮಗಳು. ಹನ್ನೊಂದನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಬೆಳೆದದ್ದೆಲ್ಲ ಮಾವನ ಮನೆಯಲ್ಲೇ. ಊಟಕ್ಕೆ ಕೂತರೂ ಪಾಠಕ್ಕೆ ಕೂತರೂ ಬಾಯಿ ಮುಚ್ಚಿಕೊಂಡೇ ಏನಾದರೊಂದು ಗುನುಗುತ್ತಿದ್ದಳೆಂದು ಆ ಹೆಸರಿಟ್ಟವನು ಅವನೇ. ಈಗ ಅವಳಿಗೆ ಮೂವತ್ತೆರಡು. ಆಸ್ಪತ್ರೆಯಲ್ಲಿ ನರ್ಸು, ಅಲ್ಲಿಗೆ ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆ, ಮತ್ತು ಚರ್ಚಿನ ವಾದ್ಯತಂಡದ ಮುಂದಾಳು. ‘ಎತ್ತರಕೆ’ ಹಾಡು ಅವಳದೇ. ಅದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಸರು ಹಾಕಿಲ್ಲವಲ್ಲ ಎಂದು ತಂತಿಮಾವ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಅವಳು ವೈರಿನ ಸುರುಳಿಯನ್ನು ಪೆಟ್ಟಿಗೆಗೆ ಹಾಕಿ, ಇವನ ಪಕ್ಕದಲ್ಲೇ ಹಾದುಹೋದಳು. ಪಾಳಿಗೆ ಹೊತ್ತಾಯಿತು ಮಾವ ಎಂದಳು, ಅಷ್ಟೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ತಂತಿಮಾವನಿಗೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಸೋಮವಾರ ಬೆಳಿಗ್ಗೆ ಒಂದು ಶಾಲೆಯ ಸಭಾಂಗಣದಲ್ಲಿ ಅವನಿಗೆ ಕೆಲಸವಿತ್ತು. ಪಿಯಾನೋದ ಮುಂಭಾಗದ ಹಲಗೆ ಬಿಚ್ಚಿ, ತಂತಿಗಳ ನಡುವೆ ಉಣ್ಣೆಯ ಪಟ್ಟಿ ತುರುಕಿ, ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದ. ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಎರಡನ್ನು ಮುಚ್ಚಿ ಒಂದನ್ನು ಸರಿಮಾಡಿ, ಆಮೇಲೆ ಎರಡನೆಯದನ್ನು ಅದರ ಜೊತೆ ನುಡಿಸಿದರೆ, ಶ್ರುತಿ ಸೇರದಿದ್ದಾಗ ನಡುವೆ ವ್ಹಾವ್ ವ್ಹಾವ್ ಎಂದು ಒಂದು ಅಲೆ ಏಳುತ್ತದೆ. ತಂತಿ ಬಿಗಿಸುವ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಅಲೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ಅಲೆ ನಿಲ್ಲುವ ಆ ಗಳಿಗೆಗಾಗಿಯೇ ಅವನು ಈ ಕೆಲಸಕ್ಕೆ ಅಂಟಿಕೊಂಡದ್ದು. ಅಂದು ಮಾತ್ರ ಒಂದೇ ತಂತಿಗೆ ನಾಲ್ಕು ನಾಲ್ಕು ಸಲ ಕೀಲಿ ಹಾಕಬೇಕಾಯಿತು. ಎರಡು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಹೊರಡುವಾಗ ಶಾಲೆಯ ಮೇಲ್ವಿಚಾರಕ, ಇದನ್ನು ಕೊಟ್ಟುಬಿಟ್ಟು ಕೀಬೋರ್ಡ್ ತರುವ ಯೋಚನೆ ಇದೆ, ಗಿರಾಕಿ ಗೊತ್ತಿದ್ದರೆ ಹೇಳಿ ಎಂದ.

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿಕೊಂಡ. ಒಂದು ಕಾಲದಲ್ಲಿ ಅವನ ಕೈಯಲ್ಲಿ ಹದಿನಾಲ್ಕು ಚರ್ಚುಗಳ ಪಿಯಾನೋಗಳಿದ್ದವು. ಈಗ ಉಳಿದದ್ದು ಎರಡು, ಅದರಲ್ಲಿ ಒಂದು ತಮ್ಮದೇ ಚರ್ಚಿನದು, ಅದೂ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತದ್ದು. ಹೆಂಡತಿ ಬಟ್ಟೆ ಮಡಚುತ್ತ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸಿಟ್ಟು ಆ ಹಾಡುಗಳ ಮೇಲೋ, ಕೀಬೋರ್ಡ್ ಮೇಲೋ?”

ತಂತಿಮಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬೀದಿಯ ಕೊನೆಯವರೆಗೆ ನಡೆದು ತಿರುಗಿ ಬಂದ. ಬಂದವನು ಕುರ್ಚಿಯಲ್ಲಿ ಕೂತು, ಎದ್ದು, ಕಿಟಕಿ ತೆರೆದು, ಮತ್ತೆ ಮುಚ್ಚಿದ. ತನ್ನ ಕಿವಿ ಸುಳ್ಳು ಹೇಳುವುದಿಲ್ಲ ಎಂಬುದೊಂದೇ ಅವನಿಗಿದ್ದ ಹೆಮ್ಮೆ. ಆ ಕಿವಿಗೂ ಹೊಟ್ಟೆಕಿಚ್ಚು ಇರಬಹುದೇ ಎಂಬ ಅನುಮಾನ ಒಮ್ಮೆ ಹೊಕ್ಕ ಮೇಲೆ ಎಲ್ಲಿ ಕೂತರೂ ಮುಳ್ಳಾಯಿತು.

ಅನುಮಾನವನ್ನು ಒರೆಗೆ ಹಚ್ಚುವುದೇ ಸರಿ ಎಂದುಕೊಂಡು ಮಂಗಳವಾರ, ಬುಧವಾರ ಎರಡು ದಿನವೂ ಅವನು ಹೆಡ್‌ಫೋನ್ ಹಾಕಿಕೊಂಡು ಕೂತ. ಹೊಸ ಗೀತೆಗಳಲ್ಲಿ ನಲವತ್ತನ್ನು ಕೇಳಿ ಪಟ್ಟಿ ಮಾಡಿದ. ಮೂವತ್ತೇಳರ ಬಗ್ಗೆ ಅವನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಮೂರು ಹಾಡು ಚೆನ್ನಾಗಿದ್ದವು. ಒಂದಂತೂ ಅವನನ್ನು ಹಿಡಿದು ಕೂರಿಸಿತು, ಅದರಲ್ಲಿದ್ದದ್ದೂ ಅವೇ ನಾಲ್ಕು ಸ್ವರಗುಚ್ಛ. ಆಮೇಲೆ ಹಳೆಯ ಕೀರ್ತನೆ ಪುಸ್ತಕವನ್ನು ಮೊದಲ ಪುಟದಿಂದ ತೆಗೆದ. ಇದನ್ನು ಅವನು ಎಂದೂ ಹೀಗೆ ಸಾಲಾಗಿ ಓದಿರಲಿಲ್ಲ. ಹಾಡುವುದು ಯಾವಾಗಲೂ ಅವೇ ಐವತ್ತು ಅರವತ್ತು. ಉಳಿದವುಗಳಲ್ಲಿ ಎಷ್ಟು ಹೊಟ್ಟು! ಪ್ರಾಸಕ್ಕಾಗಿ ಕೈಕಾಲು ಮುರಿಸಿಕೊಂಡ ಪದಗಳು, ಒಂದೇ ಮಾತನ್ನು ಏಳು ಚರಣ ಎಳೆದಾಡಿದ ಹಾಡುಗಳು, ಅರ್ಥ ಕೇಳಿದರೆ ಬರೆದವನೇ ತಲೆ ಕೆರೆದುಕೊಳ್ಳಬೇಕಾದ ಸಾಲುಗಳು. ನೂರು ವರ್ಷ ಜರಡಿ ಹಿಡಿದು ಉಳಿದ ಕಾಳನ್ನು ತಂದು, ನಿನ್ನೆ ಒಕ್ಕಿದ ರಾಶಿಯ ಪಕ್ಕದಲ್ಲಿ ಇಟ್ಟು ತೂಗಿದ್ದೆನಲ್ಲ ಎಂದುಕೊಂಡ. ಹಾಗೆಂದು ‘ಎತ್ತರಕೆ’ ಒಳ್ಳೆಯ ಹಾಡಾಗಲಿಲ್ಲ. ಅದೂ ಅವನ ಪಟ್ಟಿಯಲ್ಲಿತ್ತು, ಟೊಳ್ಳು ಎಂಬ ಗುರುತಿನೊಂದಿಗೆ.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ವಾದ್ಯತಂಡದ ಅಭ್ಯಾಸ. ಕರೆಯದಿದ್ದರೂ ಅವನು ಹೋದ. ಬಸ್ ಚಾಲಕನೊಬ್ಬ ಡ್ರಮ್ ಬಾರಿಸುವವನು, ಕ್ಷೌರದಂಗಡಿಯವನು ಗಿಟಾರ್. ಇವನನ್ನು ಕಂಡದ್ದೇ ಇಬ್ಬರೂ ನುಡಿಸುವುದನ್ನು ನಿಲ್ಲಿಸಿದರು. ಕುಣಿಯೋಕೆ ಬರದವರಿಗೆ ನೆಲ ಡೊಂಕು ಅಂತಾರೆ, ಆದ್ರೆ ಕೂತು ನೋಡೋರಿಗೂ ಡೊಂಕು ಅಂತ ಈಗ ಗೊತ್ತಾಯ್ತು ಎಂದು ಬಸ್ ಚಾಲಕ ಯಾರಿಗೂ ಹೇಳದವನಂತೆ ಹೇಳಿದ. ಜೀರುಂಡೆ ಮಾವನತ್ತ ಒಮ್ಮೆ ನೋಡಿ, ಟೀ ಕುಡಿದು ಬನ್ನಿ ಎಂದು ಇಬ್ಬರನ್ನೂ ಹೊರಗೆ ಕಳುಹಿಸಿದಳು. ಪಾಳಿಯಿಂದ ನೇರವಾಗಿ ಬಂದಿದ್ದಳು, ಸಮವಸ್ತ್ರ ಇನ್ನೂ ಮೈಮೇಲಿತ್ತು.

“ನೀವು ಬರೆದಿದ್ದು ಸುಳ್ಳು ಅಂತ ನಾನು ಹೇಳಲ್ಲ ಮಾವ,” ಎಂದಳು. “ಆದ್ರೆ ನನಗೆ ಮೊದಲು ಹೇಳಬಹುದಿತ್ತು. ಆ ಹಾಡು ಮೊದಲನೇ ಸಲ ಹಾಡಿ ತೋರಿಸಿದ್ದು ನಿಮ್ಮ ಅಡುಗೆಮನೇಲಿ. ಆಗ ನೀವು ಚೆನ್ನಾಗಿದೆ ಅಂದ್ರಿ.”

ಅದು ನಿಜವಾಗಿತ್ತು. ಅಂದು ಅವನು ಪತ್ರಿಕೆ ಓದುತ್ತ, ತಲೆ ಎತ್ತದೆ ಹಾಗೆ ಅಂದಿದ್ದ. ಬಾಯಿಗೆ ಬಂದದ್ದು ಅಂದುಬಿಟ್ಟು ಮೂರು ವರ್ಷ ಒಳಗೇ ಮುಖ ಗಂಟಿಕ್ಕಿಕೊಂಡು ಕೂತು, ಕೊನೆಗೆ ಸಭೆಯ ಮುಂದೆ ಹರಡಿದ್ದ. ತಪ್ಪಾಯಿತು ಎಂದ. ಹಾಡಿನ ಬಗ್ಗೆ ಅಂದದ್ದಕ್ಕಲ್ಲ, ನಿನಗೆ ಅನ್ನದೆ ಇದ್ದದ್ದಕ್ಕೆ ಎಂದು ಸೇರಿಸಿದ. ಜೀರುಂಡೆಯ ತುಟಿ ಸ್ವಲ್ಪ ಅಲುಗಿತು. ಕ್ಷಮೆ ಕೇಳೋದ್ರಲ್ಲೂ ಇಷ್ಟು ಲೆಕ್ಕಾಚಾರ ಮಾಡೋರು ನೀವೊಬ್ಬರೇ ಎಂದಳು.

ಅವನು ಮೂಲೆಯ ಪಿಯಾನೋದ ಹೊದಿಕೆ ತೆಗೆದು ಸ್ಟೂಲಿನ ಮೇಲೆ ಕೂತ. ಆ ಹಾಡು ಬರೆದ ದಿನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದ. ಅವಳು ಹೇಳತೊಡಗಿದಳು. ಆರನೇ ಹಾಸಿಗೆಯಲ್ಲಿ ಒಬ್ಬ ಮುದುಕ ಇದ್ದ. ನೋಡಲು ಯಾರೂ ಬರುತ್ತಿರಲಿಲ್ಲ. ಇಡೀ ದಿನ ಗಂಟೆ ಎಷ್ಟು, ಗಂಟೆ ಎಷ್ಟು ಎಂದು ಕೇಳುತ್ತಿದ್ದ. ಪ್ರತಿ ಸಲವೂ ಇವಳು ಹೇಳುತ್ತಿದ್ದಳು. ನಾಲ್ಕೂಕಾಲು ಎಂದು ಹೇಳಿ ಟೀ ಕುಡಿಯಲು ಹೋದಳು. ನಾಲ್ಕೂವರೆಗೆ ತಿರುಗಿ ಬಂದಾಗ ಅವನು ಹೋಗಿಬಿಟ್ಟಿದ್ದ. ಅಂದು ಮಾವನ ಮನೆಗೆ ಬರುವ ಬಸ್ಸಿನಲ್ಲಿ ಕೂತು ಏನೋ ಗುನುಗಲು ಶುರುಮಾಡಿದಳು, ಅದೇ ಆ ಹಾಡಾಯಿತು.

“ಅದೆಲ್ಲಾ ಹಾಡಲ್ಲಿ ಎಲ್ಲಿದೆ ಕಣೆ?” ಎಂದ ತಂತಿಮಾವ.

“ಹಾಕಬಾರದು ಅಂತಲೇ ಹಾಕಲಿಲ್ಲ. ವಾರವೆಲ್ಲಾ ಒದ್ದಾಡಿ ಜನ ಭಾನುವಾರ ಬರೋದು ಸ್ವಲ್ಪ ಹಗುರ ಆಗೋಕೆ. ಅವರ ತಲೆ ಮೇಲೆ ನನ್ನ ವಾರ್ಡನ್ನೂ ಹೇರಲಾ?”

“ಹಗುರ ಆಗೋದು ಬೇರೆ, ಟೊಳ್ಳಾಗೋದು ಬೇರೆ.”

“ಹೇಳೋದು ಸುಲಭ,” ಎಂದು ಅವಳು ಹಾಡಿನ ಹಾಳೆಯನ್ನು ಅವನ ತೊಡೆಯ ಮೇಲಿಟ್ಟಳು. “ತಪ್ಪು ತೋರಿಸಿದ್ರಿ. ಈಗ ಸರಿ ಮಾಡಿ. ಒಂದೇ ಒಂದು ಚರಣ ಬರೆದುಕೊಡಿ ಸಾಕು.”

ತಂತಿಮಾವ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಅದೇನು ಮಹಾ ಎಂದೇ ಅವನಿಗನ್ನಿಸಿತ್ತು. ನಲವತ್ತು ವರ್ಷ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿ ತಿಳಿದವನಿಗೆ ನಾಲ್ಕು ಸಾಲು ಬರದೆ ಇರುತ್ತದೆಯೇ?

ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಹರಿದ. ಬರೆದ ಸಾಲಿನಲ್ಲೆಲ್ಲ ಬಂಡೆ, ಬಿರುಗಾಳಿ, ದಡ, ದೀಪ. ಎಲ್ಲವೂ ಹಳೆಯ ಪುಸ್ತಕದಿಂದ ಕಾಲ್ಕಿತ್ತು ಬಂದವು. ಅವನು ಎಂದೂ ಸಮುದ್ರ ದಾಟಿದವನಲ್ಲ, ಬಿರುಗಾಳಿಗೆ ಸಿಕ್ಕಿದವನೂ ಅಲ್ಲ. ತನ್ನದೇ ಆದದ್ದನ್ನು ಬರೆಯೋಣ ಎಂದು ತಂತಿ, ಶ್ರುತಿ ಎಂದು ಶುರುಮಾಡಿದರೆ ‘ನನ್ನ ಹೃದಯದ ವೀಣೆ’ ಎಂದು ಬಂತು. ಅದನ್ನು ಓದಿ ಅವನಿಗೇ ನಾಚಿಕೆಯಾಯಿತು. ಶನಿವಾರ ಊಟ ಮಾಡುವಾಗಲೂ ಬೆರಳು ಮೇಜಿನ ಮೇಲೆ ಸಾಲಿನ ಮಾತ್ರೆ ಎಣಿಸುತ್ತಿತ್ತು. ಹೆಂಡತಿ ಅವನ ಬೆರಳ ಮೇಲೆ ಕೈಯಿಟ್ಟು ನಿಲ್ಲಿಸಿ, ಆಗದಿದ್ದರೆ ಆಗಲಿಲ್ಲ ಅನ್ನಿ, ಆ ಮಾತಿಗೇನೂ ಪ್ರಾಸ ಬೇಕಾಗಿಲ್ಲವಲ್ಲ ಎಂದಳು.

ಊಟ ಬಿಟ್ಟು ಎದ್ದು ಅವನು ಫೋನು ಮಾಡಿದ. ನನ್ನ ಕೈಲಿ ಆಗಲಿಲ್ಲ ಕಣೆ, ಎರಡು ದಿನ ಒದ್ದಾಡಿ ನಿನ್ನ ಹಾಡಿಗಿಂತ ಟೊಳ್ಳಾದ್ದನ್ನು ಬರೆದೆ ಎಂದ. ಆ ಕಡೆಯಿಂದ ನಗು ಕೇಳಿಸಿತು, ವಾರದಲ್ಲಿ ಮೊದಲ ಸಲ. ಓದಿ ಎಂದಳು. ವೀಣೆಯ ಸಾಲನ್ನು ಓದಿದ. ನಗು ಇನ್ನೂ ಜೋರಾಯಿತು. ನಗು ನಿಂತ ಮೇಲೆ ಅವಳು, ನಾನೂ ಒಂದು ಬರೆದಿದ್ದೇನೆ, ಸಂಜೆ ಚರ್ಚಿಗೆ ಬನ್ನಿ ಎಂದಳು.

ಬರೆದದ್ದು ರೋಗಿಗಳ ಜ್ವರ ಗುರುತು ಹಾಕುವ ಹಾಳೆಯ ಬೆನ್ನಲ್ಲಿತ್ತು.

ಗಂಟೆ ಎಷ್ಟು ಎಂದು ಕೇಳಿದವನಿಗೆ
ಗಂಟೆ ಹೇಳಿ ಹೊರಗೆ ಬಂದೆ.
ನಾನು ಮರಳುವ ಮುನ್ನ ನೀನು
ಅವನ ಬಳಿಗೆ ಬಂದೆಯಾ, ತಂದೆ?

ತಂತಿಮಾವ ಎರಡು ಸಲ ಓದಿದ. ಕೀಲಿ, ಉಣ್ಣೆಪಟ್ಟಿ ತೆಗೆದು ಮೂಲೆಯ ಪಿಯಾನೋಗೆ ಶ್ರುತಿ ಕೂಡಿಸಲು ಕೂತ. ಅವಳು ವೇದಿಕೆಯ ಮೆಟ್ಟಿಲ ಮೇಲೆ ಕೂತು ಕಾದಳು. ಕೆಲಸ ಮುಗಿಸಿ ಅವನು ಹೇಳಿದ್ದು ಇಷ್ಟೇ: ಚರಣಕ್ಕೆ ಡ್ರಮ್ ಬೇಡ, ‘ಎತ್ತರಕೆ’ ಹನ್ನೊಂದು ಸಲ ಬೇಡ, ಒಂದೇ ಸಲ, ಅದೂ ಪ್ರಶ್ನೆ ಕೇಳಿದ ಮೇಲೆ. ಅಷ್ಟರಲ್ಲಿ ಅಭ್ಯಾಸಕ್ಕೆಂದು ಬಂದಿದ್ದ ಬಸ್ ಚಾಲಕ ಮುಖ ಸಿಂಡರಿಸಿದ. ಆದರೆ ಚರಣವನ್ನು ಕೇಳಿದ ಮೇಲೆ ಕೋಲುಗಳನ್ನು ಪಕ್ಕಕ್ಕಿಟ್ಟು ಕೈಕಟ್ಟಿ ಕೂತ.

ಮರುದಿನ ಆರಾಧನೆಯಲ್ಲಿ ಅದನ್ನು ಹಾಡಿದರು. ತಂತಿಮಾವ ಪಿಯಾನೋದ ಮುಂದೆ ಕೂತಿದ್ದ. ಮೊದಲ ಸಾಲಿಗೆ ಸಭೆ ಅಭ್ಯಾಸದಂತೆ ಚಪ್ಪಾಳೆಗೆ ಕೈ ಎತ್ತಿತು. ತಾಳ ಎಲ್ಲಿದೆಯೆಂದು ಸಿಗದೆ ಅಲ್ಲೊಂದು ಇಲ್ಲೊಂದು ಸದ್ದಾಗಿ ನಿಂತಿತು. ಪರದೆಯ ಮೇಲೆ ಹೊಸ ಚರಣ ಬಂದಾಗ ಹಾಡುವ ದನಿಗಳು ಒಂದೊಂದಾಗಿ ಕಡಿಮೆಯಾದವು. ಕೊನೆಯ ಪ್ರಶ್ನೆಯ ಹೊತ್ತಿಗೆ ಜೀರುಂಡೆ ಒಬ್ಬಳೇ ಹಾಡುತ್ತಿದ್ದಳು. ಅವಳ ಸ್ವರ ಒಂದು ಕಡೆ ಸ್ವಲ್ಪ ಕೆಳಗೆ ಜಾರಿತು, ಅವಳು ಹಿಡಿದು ಮೇಲಕ್ಕೆ ತಂದಳು. ನಾಲ್ಕನೆಯ ಸಾಲಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಹಾಡು ಮುಗಿದ ಮೇಲೆ ಯಾರೋ ಕೆಮ್ಮಿದರು. ಸಭಾಪಾಲಕರು ತಡಮಾಡದೆ ಎದ್ದು ಪ್ರಾರ್ಥನೆ ಶುರುಮಾಡಿದರು.

ಹೊರಗೆ ಬಂದಾಗ ಹೋದ ವಾರ ಬೆನ್ನು ತಟ್ಟಿದ ಅಂಚೆ ಅಧಿಕಾರಿಯೇ ಎದುರಾದರು. ಹುಡುಗಿಯ ಹಳೆಯ ಹಾಡೇ ಚೆನ್ನಾಗಿತ್ತು, ಬಾಯಿಗಾದರೂ ಕೂರುತ್ತಿತ್ತು, ಇದೇನು ಸ್ತುತಿಯ ಹೊತ್ತಿನಲ್ಲಿ ಸಾವು ನೋವು ಎಂದರು. ಹೊಸ ಹಾಡು ಹಳೆಯದಾಗಲು ಒಂದು ವಾರ ಸಾಕಾಗಿತ್ತು. ತಂತಿಮಾವನಿಗೆ ನಗು ಬಂತು, ನಗಲಿಲ್ಲ. ನಾನು ಸರಿ ಎನ್ನಿಸಿಕೊಳ್ಳಲು ಹೋಗಿ ಅವಳನ್ನು ಎರಡನೆಯ ಸಲ ಸಭೆಯ ಮುಂದೆ ನಿಲ್ಲಿಸಿಬಿಟ್ಟೆನಲ್ಲ ಎಂದು ಅವಳನ್ನು ಹುಡುಕಿಕೊಂಡು ಹೋದ.

ಅವಳು ಹಿತ್ತಲ ನಲ್ಲಿಯ ಬಳಿ ಇದ್ದಳು. ಎದ್ದುಹೋದ ಹೆಂಗಸು ಅಲ್ಲಿ ಮುಖ ತೊಳೆದುಕೊಳ್ಳುತ್ತಿದ್ದಳು. ಆರು ತಿಂಗಳ ಹಿಂದೆ ಆ ಹೆಂಗಸಿನ ಗಂಡ ಬೇರೊಂದು ಆಸ್ಪತ್ರೆಯಲ್ಲಿ, ಅವಳು ಔಷಧಿ ತರಲು ಹೋಗಿದ್ದಾಗ ತೀರಿಕೊಂಡಿದ್ದ. ಜೀರುಂಡೆ ತಪ್ಪಾಯಿತಮ್ಮ, ನನಗೆ ಗೊತ್ತಿರಲಿಲ್ಲ ಎನ್ನುತ್ತಿದ್ದಳು. ಹೆಂಗಸು ನಲ್ಲಿ ನಿಲ್ಲಿಸಿ ಮುಖ ಒರೆಸಿಕೊಂಡಳು.

“ಆ ಪ್ರಶ್ನೆ ಕೇಳಿದ್ಯಲ್ಲ, ಉತ್ತರ ಸಿಕ್ತಾ?” ಎಂದಳು.

“ಇಲ್ಲಮ್ಮ.”

ಹೆಂಗಸು ತಲೆಯಾಡಿಸಿದಳು. ನನಗೂ ಇಲ್ಲ ಎಂದು, ಅವಳ ತೋಳನ್ನು ಒಮ್ಮೆ ಹಿಡಿದು ಬಿಟ್ಟು, ಗೇಟಿನ ಕಡೆ ನಡೆದಳು.

ಆ ವಾರ ಚರ್ಚಿನ ಸಮಿತಿ ಕೂತು ತೀರ್ಮಾನ ಮಾಡಿತು. ಭಾನುವಾರ ‘ಎತ್ತರಕೆ’ ಮೊದಲಿನಂತೆಯೇ ಇರಲಿ, ಹೊಸ ಚರಣ ಬೇಕಿದ್ದರೆ ಬುಧವಾರ ಸಂಜೆಯ ಪ್ರಾರ್ಥನೆಯಲ್ಲಿ ಹಾಡಿಕೊಳ್ಳಲಿ. ಪತ್ರಿಕೆಯವರು ತಂತಿಮಾವನಿಂದ ಇನ್ನೊಂದು ಲೇಖನ ಕೇಳಿದರು. ಅವನು ಬರೆದ. ಹಳೆಯ ಪುಸ್ತಕದಲ್ಲೂ ಹೊಟ್ಟು ಕಡಿಮೆ ಇಲ್ಲ ಎಂದೂ, ಹೊಸದರಲ್ಲಿ ಮೂರು ಹಾಡು ನೂರು ವರ್ಷ ಉಳಿಯಬಹುದು ಎಂದೂ, ಉಳಿದವುಗಳ ಬಗ್ಗೆ ತನ್ನ ಅಭಿಪ್ರಾಯ ಬದಲಾಗಿಲ್ಲ ಎಂದೂ, ಆದರೆ ತನಗೆ ಒಂದು ಚರಣ ಬರೆಯಲು ಬಂದಿಲ್ಲ ಎಂದೂ ಬರೆದ. ಈ ಸಲ ಕರಡನ್ನು ಮೊದಲು ಜೀರುಂಡೆಗೆ ಕೊಟ್ಟ. ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಓದಿ, ತನ್ನನ್ನು ಹೊಗಳಿದ್ದ ಒಂದು ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದಳು. ಉಳಿದದ್ದು ಇರಲಿ ಎಂದಳು. ಆಮೇಲೆ ಆ ಮೂರು ಹಾಡು ಯಾವುವು ಎಂದು ಕೇಳಿ, ಅವುಗಳಲ್ಲಿ ಎರಡು ತನಗೆ ಸ್ವಲ್ಪವೂ ಹಿಡಿಸುವುದಿಲ್ಲ ಎಂದಳು. ಅರ್ಧ ಗಂಟೆ ಅದೇ ಜಗಳ ನಡೆಯಿತು. ಪಕ್ಕದ ಮೇಜಿನವರು ಎದ್ದು ಬೇರೆ ಕಡೆ ಕೂತರು.

ಬುಧವಾರ ಸಂಜೆ ಹತ್ತೊಂಬತ್ತು ಜನ ಬಂದಿದ್ದರು. ನಲ್ಲಿಯ ಬಳಿಯ ಹೆಂಗಸು ಬಂದಿರಲಿಲ್ಲ. ಜೀರುಂಡೆ ಪಾಳಿ ಮುಗಿಸಿ ಓಡೋಡಿ ಬಂದು, ಏದುಸಿರು ಬಿಡುತ್ತಲೇ ಮೈಕಿನ ಮುಂದೆ ನಿಂತಳು. ಬಸ್ ಚಾಲಕ ಡ್ರಮ್ ಬಿಟ್ಟು ಬೆಂಚಿನಲ್ಲಿ ಕೂತಿದ್ದ. ಹಾಡು ಈಗಲೂ ಪೂರ್ತಿ ಸರಿಯಾಗಿಲ್ಲ ಎಂದು ತಂತಿಮಾವನಿಗೆ ಗೊತ್ತಿತ್ತು. ಎರಡನೆಯ ಸಾಲಿನಲ್ಲಿ ಒಂದು ಮಾತ್ರೆ ಎಡವುತ್ತದೆ, ಅದನ್ನು ಅವಳಿಗೆ ಇವತ್ತೇ ಹೇಳಬೇಕು. ಅವನು ಸ್ವರಗುಚ್ಛ ಹಿಡಿದ. ಮೂರನೆಯ ಸಾಲಿಗೆ ಹಿಂದಿನ ಬೆಂಚಿನಿಂದ ಒಂದು ಗಂಡು ದನಿ ತಗ್ಗಿದ ಸ್ಥಾಯಿಯಲ್ಲಿ ಬಂದು ಸೇರಿತು. ಶ್ರುತಿ ಸರಿ ಇರಲಿಲ್ಲ. ಯಾರೆಂದು ನೋಡಲು ತಿರುಗಿದ ತಂತಿಮಾವನ ಬೆರಳು ತಪ್ಪಿತು. ಜೀರುಂಡೆ ನಿಲ್ಲಲಿಲ್ಲ. ಅವನು ಮುಂದಿನ ಸ್ವರ ಹುಡುಕಿಕೊಂಡು ಅವಳ ಹಿಂದೆಯೇ ನುಡಿಸುತ್ತ ಹೋದ.